ಮಾಜಿ ಪ್ರೆಸಿಡೆಂಟರ ತೊಟ್ಟಿಲು

ನಾನು ಈವರೆಗೆ ಬರೆದದ್ದರಲ್ಲಿ ಜನ ನಿಜವಾಗಿ ಓದಿದ್ದು ಒಂದೇ ಒಂದು ಲೇಖನ. ಉಳಿದವನ್ನು ನನ್ನ ಹೆಂಡತಿ ಓದುತ್ತಿದ್ದಳು, ಅದೂ ನಾನು ಎದುರಿಗೆ ಕುರ್ಚಿ ಹಾಕಿ ಕೂತರೆ ಮಾತ್ರ. ಆ ಒಂದನ್ನೂ ಯಾರೂ ಓದದೆ ಇದ್ದಿದ್ದರೆ ಒಬ್ಬ ಅಜ್ಜಿಯ ಮನೆಯ ಜಗಲಿ ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ತೊಂಬತ್ತರ ದಶಕದ ಕೊನೆಯ ಭಾಗ. ಕಾಸರಗೋಡು ಜಿಲ್ಲೆಯ ಬಂದ್ಯೋಡಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗುವ ರಸ್ತೆಯೊಂದರ ಶಾಲೆಯಲ್ಲಿ ನಾನು ಕನ್ನಡ ಮಾಸ್ಟ್ರಾಗಿದ್ದೆ. ಮನೆಯಲ್ಲಿ ಮತ್ತು ಇಗರ್ಜಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ. ನಾಲ್ಕು ಭಾಷೆ ಬಲ್ಲವನೆಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಆ ನಾಲ್ಕರಲ್ಲಿ ಯಾವುದರಲ್ಲಿಯೂ ಕೇಳಲಿಲ್ಲ.

ನಮ್ಮ ಕಡೆ ಪ್ರೆಸಿಡೆಂಟ್ರು ಎಂದರೆ ದೆಹಲಿಯಲ್ಲಿರುವವರಲ್ಲ, ಪಂಚಾಯತಿನವರು. ನಾನು ಹೇಳುತ್ತಿರುವ ಪ್ರೆಸಿಡೆಂಟರು ತುಂಬಾ ವರ್ಷ ಆ ಕುರ್ಚಿಯಲ್ಲಿದ್ದವರು. ಅವರ ಮೇಲಿನ ಪ್ರೀತಿಯೂ ಒಂದು ಕಾರಣ, ಆ ಕಾಲದಲ್ಲಿ ಪಂಚಾಯತಿಗೆ ಚುನಾವಣೆಯೇ ಬರುತ್ತಿರಲಿಲ್ಲ ಎಂಬುದು ಇನ್ನೊಂದು. ಆದರೂ ಒಳ್ಳೆಯ ಮನುಷ್ಯ. ಬಾವಿ ತೋಡಿಸಿದ್ದು, ಹೊಳೆಗೆ ಕಾಲುಸಂಕ ಹಾಕಿಸಿದ್ದು, ನಮ್ಮ ಶಾಲೆಗೆ ಹಂಚು ಹೊದಿಸಿದ್ದು ಎಲ್ಲ ಅವರೇ. ಅಧಿಕಾರ ಹೋಗಿ ಎಷ್ಟೋ ಕಾಲವಾದ ಮೇಲೂ ಜನ ಅವರನ್ನು ಪ್ರೆಸಿಡೆಂಟ್ರೇ ಎಂದೇ ಕರೆಯುತ್ತಿದ್ದರು. ಅವರು ತೀರಿಕೊಂಡ ಎರಡು ವರ್ಷಕ್ಕೆ ಅವರ ಮಗ ಗಲ್ಫಿನಿಂದ ಮರಳಿ ಬಂದು ರಸ್ತೆಯ ಬದಿಯಲ್ಲಿ ತಾರಸಿ ಮನೆ ಕಟ್ಟಿಸಿದ. ಹಿಂದಿದ್ದ ಹಂಚಿನ ಮನೆಯನ್ನು ಕೆಡವದೆ, ಸುಣ್ಣ ಬಳಿದು, ಅಪ್ಪನ ಸಾಮಾನುಗಳನ್ನೆಲ್ಲ ಇದ್ದಲ್ಲೇ ಇಟ್ಟು ಬೀಗ ಹಾಕಿದ. ಯಾರಾದರೂ ಬಂದರೆ ತೆಗೆದು ತೋರಿಸುತ್ತಿದ್ದ.

ಆ ವರ್ಷ ನಮ್ಮ ಶಾಲೆಯ ಮೈಸೂರು ಪ್ರವಾಸ ನಿಂತುಹೋಯಿತು. ಬಸ್ಸು ಮಾಡುವವರು, ಮಕ್ಕಳ ಜೊತೆ ಹೋಗುವವರು ಯಾರು ಎಂದು ಸ್ಟಾಫ್ ರೂಮಿನಲ್ಲಿ ಮೂರು ವಾರ ಮಾತಾಗಿ, ಕೊನೆಗೆ ಯಾರೂ ಆಗಲಿಲ್ಲ. ಏಳನೆಯ ತರಗತಿಯ ಮಕ್ಕಳ ಮುಖ ನೋಡಲಾಗದೆ ನಾನೊಂದು ಉಪಾಯ ಹೂಡಿದೆ: ಮಾಜಿ ಪ್ರೆಸಿಡೆಂಟರ ಬಾಲ್ಯದ ಮನೆಗೆ ಅಧ್ಯಯನ ಪ್ರವಾಸ. ನಡೆದು ಹೋದರೆ ಇಪ್ಪತ್ತು ನಿಮಿಷ. ಅರಮನೆ ನೋಡುವ ಆಸೆಯಲ್ಲಿದ್ದ ಮಕ್ಕಳು ಬುತ್ತಿ ಕಟ್ಟಿಕೊಂಡು, ಪ್ರತಿದಿನ ಶಾಲೆಗೆ ಬರುವ ದಾರಿಯಲ್ಲೇ ಸಾಲಾಗಿ ನಡೆದರು. ಅವರ ಉತ್ಸಾಹ ಎಷ್ಟಿತ್ತೆಂದು ಹೇಳಬೇಕಾಗಿಲ್ಲ.

ಮಗ ಬೀಗ ತೆಗೆದ. "ಇದು ಅಪ್ಪನ ಹಳೇ ಮನೆ ಮಾಸ್ಟ್ರೆ. ಹೇಗಿತ್ತೋ ಹಾಗೆಯೇ ಇಟ್ಟಿದ್ದೇನೆ" ಎಂದ. ಅವನು ಹೇಳಿದ್ದು ಇಷ್ಟೇ. ಬಾಲ್ಯ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಅದು ನನ್ನ ತಲೆಯಲ್ಲಿ ಮೊದಲೇ ಕೂತಿತ್ತು. ನಮ್ಮ ಕೊಂಕಣಿ ಮನೆಗಳಲ್ಲಿ ಅಪ್ಪನ ಮನೆ ಮಗನಿಗೆ, ಅವನ ನಂತರ ಅವನ ಮಗನಿಗೆ. ಅಪ್ಪನ ಹಳೆಯ ಮನೆ ಎಂದರೆ ಅಪ್ಪ ಹುಟ್ಟಿದ ಮನೆಯಲ್ಲದೆ ಇನ್ನೇನು? ಆ ಮನೆಯವರು ಅಳಿಯಕಟ್ಟಿನ ತುಳುವರು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂಥ ಮನೆಗಳಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಸೋದರಮಾವನ ಕೈಕೆಳಗೆ ಬೆಳೆಯುವವರು ಎಂದು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಕೇಳಿಯೂ ಇದ್ದೆ.

ಒಳಗೆ ಕೆಂಪು ಕಾವಿಯ ನೆಲ, ಒಂದು ಆರಾಮ ಕುರ್ಚಿ, ಗೋಡೆಯಲ್ಲಿ ಕೊಡೆ, ಮೂಲೆಯಲ್ಲಿ ಮರದ ತೊಟ್ಟಿಲು, ಗೂಡಿನಲ್ಲಿ ಒಡೆದ ಸ್ಲೇಟು. ತೊಟ್ಟಿಲು ಕಂಡದ್ದೇ ನನ್ನ ಕಂಠ ಬದಲಾಯಿತು. "ನೋಡಿ ಮಕ್ಕಳೇ, ಇಷ್ಟು ದೊಡ್ಡ ಪಂಚಾಯತನ್ನು ಆಳಿದವರು ಒಂದು ಕಾಲದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಮಲಗಿದ್ದರು" ಎಂದೆ. ಮಕ್ಕಳು ತೊಟ್ಟಿಲನ್ನು ನೋಡಿದರು. ಮಗ ಕೆಮ್ಮಿದ. ಅವನಿಗೆ ದುಃಖ ಉಕ್ಕಿ ಬಂದಿರಬೇಕೆಂದು ತಿಳಿದು ನಾನು ದನಿ ಇನ್ನಷ್ಟು ತಗ್ಗಿಸಿದೆ.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸಾರ್, ಹಾಗಾದ್ರೆ ಇದು ಪ್ರೆಸಿಡೆಂಟ್ರ ಅಮ್ಮನ ಮನೆಯಾ?"

ಅವಳು ತುಳು ಮನೆಯ ಹುಡುಗಿ. ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಒಂದು ಕ್ಷಣ ನಿಂತು ಯೋಚಿಸಿದ್ದರೆ ನಾನು ಅಲ್ಲೇ ಬಚಾವಾಗುತ್ತಿದ್ದೆ. "ಪ್ರಶ್ನೆಗಳೆಲ್ಲ ಕೊನೆಯಲ್ಲಿ" ಎಂದೆ. ಕೊನೆಯಲ್ಲಿ ಎಲ್ಲರೂ ಮಗ ತರಿಸಿಕೊಟ್ಟ ಶರಬತ್ತು ಕುಡಿಯುವುದರಲ್ಲಿದ್ದೆವು.

ಆ ವಾರವೇ ಲೇಖನ ಬರೆದೆ. ನಾಲ್ಕು ಪುಟ. ಕಿಟಕಿಯನ್ನು ನೋಡಿ ಒಂದು ಪ್ಯಾರಾ, ತೊಟ್ಟಿಲನ್ನು ನೋಡಿ ಒಂದೂವರೆ. ಆ ಪುಟ್ಟ ಕಿಟಕಿಯಿಂದ ಕಾಣುವ ಕಾಲುದಾರಿಯೇ ಮುಂದೆ ಪ್ರೆಸಿಡೆಂಟರು ಹಾಕಿಸಿದ ರಸ್ತೆಗಳಿಗೆಲ್ಲ ಮೊದಲ ಪಾಠವಾಗಿರಬೇಕು ಎಂದು ಬರೆದು, ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ನನ್ನನ್ನು ನಾನೇ ಮೆಚ್ಚಿಕೊಂಡೆ. ಬಂದ್ಯೋಡಿನ ಸ್ಟುಡಿಯೋದವನನ್ನು ಕರೆದುಕೊಂಡು ಹೋಗಿ ಆ ಮನೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿದೆ. ಮನೆಯ ಫೋಟೋ ಸಾಕಾಗಿತ್ತು; ನಾನೂ ಇರಲಿ ಎಂದು ನಾನೇ ಹೇಳಿದೆ. ಮಂಗಳೂರಿನ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಕಳಿಸಿದ ಐದನೆಯ ವಾರಕ್ಕೆ ಅದು ಅರ್ಧ ಪುಟ ಬಂತು.

ಫೋಟೋದಲ್ಲಿ ನನ್ನ ತಲೆಯ ಮೇಲೆ, ಬಾಗಿಲಿನ ದಾರಂದದಲ್ಲಿ, ಆ ಮನೆ ಕಟ್ಟಿದ ಇಸವಿ ಕೆತ್ತಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಇಸವಿಯಲ್ಲಿ ಪ್ರೆಸಿಡೆಂಟರಿಗೆ ಮೂವತ್ತು ದಾಟಿತ್ತು. ಅಂದರೆ ಮದುವೆಯಾದ ಮೇಲೆ ಅವರೇ ಕಟ್ಟಿಸಿದ ಮನೆ ಅದು. ಇದನ್ನು ಪತ್ರಿಕೆಯವರು ನೋಡಲಿಲ್ಲ. ನಾನು ನೋಡಿದ್ದು ನನ್ನ ಮುಖವನ್ನು ಮಾತ್ರ. ಪುಟವನ್ನು ಕತ್ತರಿಸಿ, ಕಾಸರಗೋಡಿಗೆ ಹೋಗಿ ಲ್ಯಾಮಿನೇಟ್ ಮಾಡಿಸಿ ಸ್ಟಾಫ್ ರೂಮಿನ ಗೋಡೆಗೆ ತೂಗುಹಾಕಿದೆ. ಹೆಡ್‌ಮಾಸ್ಟ್ರು ಗಡಿಯಾರವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿಕೊಟ್ಟರು.

ಹದಿನೈದು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಪೇಪರಿನಲ್ಲಿ ಬಂದವರಲ್ವಾ" ಎಂದ. ಊರಿನ ಯುವಕ ಮಂಡಲದವರು ತಮ್ಮ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸುತ್ತೇವೆಂದು ಹೇಳಿ ಹೋದರು. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ಸಾಹಿತಿಗಳು ಎಂದು ಅಚ್ಚಾಗಿತ್ತು. ಒಬ್ಬನೇ ಒಬ್ಬನಿಗೆ ಬಹುವಚನ. ಅದನ್ನೂ ಲ್ಯಾಮಿನೇಟ್ ಮಾಡಿಸಬಹುದಾ ಎಂದು ಹೆಂಡತಿ ಕೇಳಿದಳು. ಅವಳು ತಮಾಷೆಗೆ ಕೇಳಿದ್ದೆಂದು ನನಗೆ ಹೊಳೆದದ್ದು ಮರುದಿನ.

ಒಂದು ಮಧ್ಯಾಹ್ನ ಎರಡನೆಯ ಬೆಲ್ಲಿನ ಹೊತ್ತಿಗೆ ಎಂಬತ್ತು ದಾಟಿದ ಹೆಂಗಸೊಬ್ಬರು ಶಾಲೆಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮಡಿಸಿದ ಪತ್ರಿಕೆ. ಊರೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದ ಅವರು ಪ್ರೆಸಿಡೆಂಟರ ಸ್ವಂತ ಅಕ್ಕ. ಶಾಲೆಯಿಂದ ಎರಡು ಮೈಲಿ ಒಳಗೆ, ಕುಟುಂಬದ ಹಳೆಯ ಮನೆಯಲ್ಲಿ ತಂಗಿಯ ಮಗಳೊಂದಿಗೆ ಇದ್ದರು. ಮನೆಯಲ್ಲಿ ತುಳು ಮಾತಾಡುವವರು, ಆದರೆ ಮಾಸ್ಟ್ರ ಹತ್ತಿರ ಕನ್ನಡವೇ ಸರಿ ಎಂಬುದು ಅವರ ಲೆಕ್ಕ.

"ಇದು ನೀವು ಬರೆದದ್ದಂತೆ. ನನಗೆ ಓದ್ಲಿಕ್ಕೆ ಬರುದಿಲ್ಲ. ನೀವೇ ಓದಿ ಹೇಳಿ" ಎಂದು ಬೆಂಚಿನಲ್ಲಿ ಕೂತರು.

ಅಭಿಮಾನಿಯೊಬ್ಬರು ಎರಡು ಮೈಲಿ ನಡೆದು ಬಂದಿದ್ದಾರೆ. ನಾನು ಗಂಟಲು ಸರಿಮಾಡಿಕೊಂಡು, ರಾಗವಾಗಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ತೊಟ್ಟಿಲು ಬಂದಾಗ ಕಣ್ಣು ತೆರೆದರು.

"ಯಾರ ತೊಟ್ಟಿಲು?"

"ಪ್ರೆಸಿಡೆಂಟರದ್ದು."

"ಅವನನ್ನು ಸೀರೆ ಕಟ್ಟಿ ಜೋಲಿಯಲ್ಲಿ ತೂಗಿದ್ದು. ತೂಗಿದ್ದು ನಾನು. ಮುಂದೆ ಓದಿ."

ಮುಂದೆ ಕಿಟಕಿಯ ಪ್ಯಾರಾ ಇತ್ತು. ನನ್ನ ರಾಗ ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು. ನ್ಯಾಯಾಲಯದಲ್ಲಿ ಆರೋಪ ಪಟ್ಟಿ ಓದುವವರ ಹಾಗೆ ಓದಿದೆ. ಸ್ಲೇಟು ಬಂದಾಗ ಅವರು, "ಅದು ಅವನ ಮಗನದ್ದಾಗಿರಬೇಕು. ನನ್ನ ತಮ್ಮ ಅಕ್ಷರ ಕಲಿತದ್ದು ಮಾವ ಹೊಯಿಗೆ ಹರಡಿ ಬೆರಳಲ್ಲಿ ಬರೆಸಿ, ನಮ್ಮ ಜಗಲಿಯಲ್ಲಿ" ಎಂದರು. ಪೂರ್ತಿ ಓದಿ ಮುಗಿಸುವವರೆಗೆ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿದ್ದ ಉಳಿದ ಮೂವರು ಉತ್ತರ ಪತ್ರಿಕೆಗಳ ಮೇಲೆ ತಲೆ ಬಗ್ಗಿಸಿ, ಎಂದೂ ಇಲ್ಲದ ಶ್ರದ್ಧೆಯಿಂದ ತಿದ್ದುತ್ತಿದ್ದರು.

"ಚಂದ ಬರೆದಿದ್ದೀರಿ ಮಾಸ್ಟ್ರೆ" ಎಂದರು ದೊಡ್ಡಕ್ಕ ಕೊನೆಗೆ. "ಅವ ಅಲ್ಲಿ ಇರ್ಲಿಲ್ಲ, ಅಷ್ಟೇ."

ನಾನು ನಗಲು ನೋಡಿದೆ. ಅವರು ನಗಲಿಲ್ಲ. ಆಮೇಲೆ ಬಂದ ವಿಷಯ ಹೇಳಿದರು.

ಪಂಚಾಯತಿನ ಹೊಸ ಯೋಜನೆಯಲ್ಲಿ ಅವರ ವಾರ್ಡಿಗೊಂದು ರಸ್ತೆ ಮಂಜೂರಾಗಿತ್ತು. ಆ ದಿನಗಳಲ್ಲಿ ಎಲ್ಲ ಕಡೆ ಹೀಗೆಯೇ: ದಾರಿಯ ಬದಿಯವರು ಜಾಗ ಬಿಟ್ಟುಕೊಡಬೇಕು, ಊರವರ ಸಮಿತಿ ನಿಂತು ಕೆಲಸ ಮಾಡಿಸಬೇಕು. ರಸ್ತೆ ನೇರ ಹೋದರೆ ದೊಡ್ಡಕ್ಕನ ಮನೆಯ ಜಗಲಿ ಹೋಗುತ್ತದೆ. ಪಕ್ಕದ ತೆಂಗಿನ ತೋಟದ ಅಂಚಿನಿಂದ ಸ್ವಲ್ಪ ಬಳಸಿದರೆ ನಾಲ್ಕು ತೆಂಗಿನ ಮರ ಹೋಗುತ್ತದೆ, ಜಗಲಿ ಉಳಿಯುತ್ತದೆ. ಮನೆಯ ಹಕ್ಕುದಾರನಾದ ತಂಗಿಯ ಮಗ ಬೊಂಬಾಯಿಯಲ್ಲಿದ್ದು, ರಸ್ತೆ ಬಂದರೆ ಜಾಗಕ್ಕೆ ಬೆಲೆ ಬರುತ್ತದೆಂದು ಒಪ್ಪಿಗೆಗೆ ಸಹಿ ಹಾಕಿ ಕಳಿಸಿಬಿಟ್ಟಿದ್ದ. ದೊಡ್ಡಕ್ಕನಿಗೆ ಇದ್ದದ್ದು ವಾಸದ ಹಕ್ಕು ಮಾತ್ರ. ಅವರು ಸಮಿತಿಯ ಕನ್ವೀನರನ ಬಳಿ ಹೋಗಿ, ಪ್ರೆಸಿಡೆಂಟ್ರು ಹುಟ್ಟಿ ಬೆಳೆದ ಜಗಲಿ, ಅದನ್ನು ಮುಟ್ಟಬೇಡಿ ಎಂದಿದ್ದರು. ಅವನು ನನ್ನ ಲೇಖನ ತೋರಿಸಿದ್ದ. "ಪ್ರೆಸಿಡೆಂಟ್ರ ಬಾಲ್ಯದ ಮನೆ ರಸ್ತೆ ಬದಿಯಲ್ಲಿ ಚಂದ ಮಾಡಿ ಇಟ್ಟಿದ್ದಾರಲ್ಲ ದೊಡ್ಡಕ್ಕ. ಪೇಪರಿನಲ್ಲೇ ಬಂದಿದೆ. ಒಬ್ಬರಿಗೆ ಎಷ್ಟು ಬಾಲ್ಯ?"

"ಬರುವ ತಿಂಗಳು ಗ್ರಾಮಸಭೆ. ಅದಕ್ಕೆ ಮೊದಲು ಪೇಪರಿನಲ್ಲಿ ಸರಿ ಮಾಡಿ ಬರೆಯಿರಿ. ನೀವು ಬರೆದದ್ದನ್ನು ಅವರು ನಂಬ್ತಾರೆ" ಎಂದರು ದೊಡ್ಡಕ್ಕ. ಆ ಕೊನೆಯ ಮಾತಿನಿಂದ ನನಗೆ ನಾಚಿಕೆಗಿಂತ ಮೊದಲು ಸಂತೋಷವೇ ಆಯಿತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆ ವಾರದ ಶನಿವಾರವೇ ಅವರ ಮನೆಗೆ ಹೋದೆ. ಮುರಕಲ್ಲಿನ ಗೋಡೆ, ತಲೆಗೆ ತಾಗುವಷ್ಟು ತಗ್ಗಿನ ಮಾಡು, ಮುಂದೆ ಮೂರು ಮರದ ಕಂಬಗಳ ಮಣ್ಣಿನ ಜಗಲಿ. ಸುಣ್ಣವಿಲ್ಲ, ಬೀಗವಿಲ್ಲ, ಆರಾಮ ಕುರ್ಚಿಯಿಲ್ಲ. ಹುಲ್ಲಿನ ಚಾಪೆ ಒಣಗುತ್ತಿತ್ತು. ನೋಡುವುದಕ್ಕೆ ಏನೂ ಇರಲಿಲ್ಲ ಎಂದೇ ಮೊದಲು ಅನಿಸಿತು. ದೊಡ್ಡಕ್ಕ ಗೋಡೆಯ ಬದಿಗೆ ಕುಕ್ಕರಗಾಲಲ್ಲಿ ಕೂತು ನೆಲದಲ್ಲೊಂದು ತೂತು ತೋರಿಸಿದರು. ಒಂದು ಕೈ ಹಿಡಿಸುವಷ್ಟು ದೊಡ್ಡದು, ಬಾಯಿ ನಯವಾಗಿ ಸವೆದಿತ್ತು.

"ಗೇರುಬೀಜದ ಆಟದಲ್ಲಿ ಗೆದ್ದದ್ದನ್ನೆಲ್ಲ ಇದರಲ್ಲಿ ಹುಗಿದಿಡ್ತಿದ್ದ. ಮಾವನಿಗೆ ಕಂಡ್ರೆ ಮಾರ್ಲಿಕ್ಕೆ ಕೊಂಡುಹೋಗ್ತಾರೆ ಅಂತ ಮೇಲೆ ಚಾಪೆ ಹಾಕಿ ಮಲಗುದು. ಮಲಗುವಾಗ ಒಂದು ಕೈ ಯಾವಾಗ್ಲೂ ಇದರ ಒಳಗೇ."

ವಾರಕ್ಕೆರಡು ಸಲ ಜಗಲಿಗೆ ಸೆಗಣಿ ಸಾರಿಸುವಾಗ ಆ ತೂತಿನ ಬಾಯಿ ಮುಚ್ಚದ ಹಾಗೆ ಬೆರಳಿನಿಂದ ಸುತ್ತ ಬಳಿಯುತ್ತಾ ಬಂದಿದ್ದರು, ಎಪ್ಪತ್ತು ವರ್ಷ. ಇಲಿ ಬಂದೀತೆಂದು ಒಮ್ಮೆ ಯಾರೋ ಕಲ್ಲು ತುಂಬಿಸಿದ್ದಕ್ಕೆ ಅವರ ಜೊತೆ ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ದರಂತೆ. ತಮ್ಮ ಪ್ರೆಸಿಡೆಂಟ್ ಆದ ಮೇಲೆ ಬಿಳಿ ಮುಂಡು ಉಟ್ಟು, ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರೂ ಮೊದಲು ಕೂತು ಆ ತೂತಿಗೆ ಕೈ ಹಾಕಿ ನೋಡುತ್ತಿದ್ದರು. ಅಕ್ಕ ಅದರೊಳಗೆ ಒಂದು ಗೇರುಬೀಜ ಇಟ್ಟಿರುತ್ತಿದ್ದರು. ಪ್ರತಿ ಸಲವೂ.

"ನೀವೂ ಹಾಕಿ ನೋಡಿ" ಎಂದರು. ನಾನು ಮಂಡಿಯೂರಿ ಕೈ ಹಾಕಿದೆ. ಒಳಗೆ ತಣ್ಣಗಿತ್ತು, ಏನೂ ಇರಲಿಲ್ಲ. ಹಾಗೆ ನೋಡಿದರೆ ಕಾಪಾಡಿದ ಮನೆ ಎಂದರೆ ಇದು. ಬೀಗ ಹಾಕಿ ಇಟ್ಟದ್ದನ್ನು ನಾನು ಅರ್ಧ ಪುಟ ಹೊಗಳಿದ್ದೆ, ಇದರ ಎದುರಿನ ದಾರಿಯಲ್ಲಿ ಎಷ್ಟೋ ಸಲ ಕೊಡೆ ಬೀಸಿಕೊಂಡು ನಡೆದು ಹೋಗಿದ್ದೆ. "ಖಂಡಿತ ಬರೆಯುತ್ತೇನೆ ದೊಡ್ಡಕ್ಕ" ಎಂದೆ. ಆ ಹೊತ್ತಿಗೆ ಅದು ಮನಸಾರೆ ಹೇಳಿದ್ದು.

ಹಿಂದಿರುಗುವಾಗ ಪ್ರೆಸಿಡೆಂಟರ ಮಗನ ಮನೆಗೆ ಹೋದೆ. ನೀನು ಯಾಕೆ ಹೇಳಲಿಲ್ಲ ಎಂದು ಅವನ ಮೇಲೆ ಹರಿಹಾಯುವ ಆಸೆ. ತಪ್ಪಿನಲ್ಲಿ ಪಾಲುದಾರನೊಬ್ಬ ಸಿಕ್ಕರೆ ಭಾರ ಅರ್ಧ ಕಡಿಮೆಯಾಗುತ್ತದೆ. ಅವನು ಸಂಕೋಚದಿಂದ, "ತೊಟ್ಟಿಲು ನನ್ನದು ಮಾಸ್ಟ್ರೆ. ಹೇಳ್ಬೇಕು ಅಂತ ಕೆಮ್ಮಿದೆ. ನೀವು ಅಷ್ಟು ಚಂದ ಮಾತಾಡ್ತಿದ್ರಿ, ಮಕ್ಕಳ ಎದುರು ಹೇಗೆ ಹೇಳುದು?" ಎಂದ. ಅತ್ತೆಯ ಜಗಲಿಯ ವಿಷಯ ಅವನಿಗೂ ಬೇಸರವಿತ್ತು. "ಆದ್ರೆ ಎಂತ ಮಾಡುದು? ನಾನು ಆ ಕುಟುಂಬದವ ಅಲ್ಲ. ಅಪ್ಪನ ಕುಟುಂಬದ ಮನೆಯಲ್ಲಿ ಮಗನಿಗೆ ಬಾಯಿ ಉಂಟಾ? ನೀವು ಬರೆದ್ರೆ ಆದೀತು."

ಎಲ್ಲರೂ ನನ್ನ ಪೆನ್ನನ್ನೇ ನಂಬಿದ್ದರು. ರಾತ್ರಿ ಊಟಕ್ಕೆ ಮೊದಲೇ ಬರೆಯಲು ಕೂತೆ. ಮೊದಲ ಪ್ರತಿ ಸರಿಯಾಗಿಯೇ ಇತ್ತು: ನನ್ನ ಲೇಖನದಲ್ಲಿ ಹೇಳಿದ ಮನೆ ಪ್ರೆಸಿಡೆಂಟರ ಬಾಲ್ಯದ ಮನೆಯಲ್ಲ, ತಪ್ಪಾಗಿದೆ, ಕ್ಷಮಿಸಬೇಕು. ಓದಿ ನೋಡಿದೆ. ಯುವಕ ಮಂಡಲದ ಶಾಲು ಕಣ್ಣ ಮುಂದೆ ಬಂತು. ಸನ್ಮಾನ ಗ್ರಾಮಸಭೆಗಿಂತ ಒಂದು ವಾರ ಮೊದಲು. ಯಾವ ಲೇಖನಕ್ಕೆ ಶಾಲು ಹೊದಿಸುತ್ತಾರೋ ಅದೇ ತಪ್ಪು ಎಂದು ಅದೇ ವಾರ ಪತ್ರಿಕೆಯಲ್ಲಿ ಬಂದರೆ ವೇದಿಕೆಯಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಕೂರಲಿ? ಎರಡನೆಯ ಪ್ರತಿಯಲ್ಲಿ ತಪ್ಪಾಗಿದೆ ಎಂಬುದನ್ನು ತೆಗೆದು, ಕೆಲವು ಹಿರಿಯರು ಗಮನಕ್ಕೆ ತಂದಂತೆ ಎಂದು ಸೇರಿಸಿದೆ. ಮೂರನೆಯ ಪ್ರತಿಗೆ ಬರುವಾಗ ಅದು ತಿದ್ದುಪಡಿಯೇ ಆಗಿರಲಿಲ್ಲ, ಹೆಚ್ಚಿನ ಮಾಹಿತಿಯಾಗಿತ್ತು. ಮಾಜಿ ಪ್ರೆಸಿಡೆಂಟರು ಬಾಲ್ಯದಲ್ಲಿ ತಮ್ಮ ತಾಯಿಯ ಮನೆಗೂ ಬಂದು ಹೋಗುತ್ತಿದ್ದರು, ಆ ಮನೆಯ ಜಗಲಿಯೂ ಅವರ ನೆನಪುಗಳಿಂದ ಕೂಡಿದೆ. ಹೆಂಡತಿ ಅದನ್ನು ಓದಿ, "ನಿಮ್ಮಿಂದ ತಪ್ಪಾಯ್ತು ಅಂತ ಎಲ್ಲಿಯೂ ಇಲ್ವಲ್ಲ" ಎಂದಳು. ಓದುವವರಿಗೆ ಅರ್ಥವಾಗುತ್ತದೆ, ಬರವಣಿಗೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಬಾರದು ಎಂದು ಅವಳಿಗೆ ಪಾಠ ಮಾಡಿದೆ.

ಓದುಗರ ಪತ್ರಗಳ ನಡುವೆ ಅದು ನಾಲ್ಕು ಸಾಲು ಬಂತು. ದೊಡ್ಡಕ್ಕನಿಗೆ ಹೇಳಿ ಕಳಿಸಿದೆ. ಅವರು ಮಾವಿನಹಣ್ಣು ಕಳಿಸಿದರು. ಸನ್ಮಾನದ ದಿನ ಶಾಲು ಹೊದಿಸಿಕೊಂಡು, ಇತಿಹಾಸವನ್ನು ಕಾಪಾಡುವುದು ನಮ್ಮೆಲ್ಲರ ಹೊಣೆ ಎಂದು ಇಪ್ಪತ್ತು ನಿಮಿಷ ಮಾತಾಡಿದೆ.

ಗ್ರಾಮಸಭೆ ನಡೆದದ್ದು ನಮ್ಮ ಶಾಲೆಯಲ್ಲೇ. ಅಕ್ಷರ ಚಂದ ಉಂಟು ಎಂಬ ಕಾರಣಕ್ಕೆ ನಡಾವಳಿ ಬರೆಯುವ ಕೆಲಸ ನನಗೆ ಬಂತು. ರಸ್ತೆಯ ವಿಷಯ ಬಂದಾಗ ದೊಡ್ಡಕ್ಕ ಎದ್ದು ನಿಂತು, "ಮಾಸ್ಟ್ರು ಪೇಪರಿನಲ್ಲಿ ಬರೆದಿದ್ದಾರೆ, ಓದಿ ನೋಡಿ" ಎಂದರು. ಕನ್ವೀನರ್ ಪತ್ರಿಕೆ ತರಿಸಿದ, ಎಲ್ಲರಿಗೂ ಕೇಳುವಂತೆ ಓದಿದ. ಅವನು ಕೆಟ್ಟವನಲ್ಲ, ಓದಿದ್ದು ಇದ್ದದ್ದನ್ನೇ. "ಬಂದು ಹೋಗುತ್ತಿದ್ದರು ಅಂತ ಉಂಟು. ಪ್ರೆಸಿಡೆಂಟ್ರು ಬಂದು ಹೋಗದ ಮನೆ ಈ ಪಂಚಾಯತಿನಲ್ಲಿ ಯಾವುದುಂಟು ಮಾರಾಯ್ರೆ? ಎಲ್ಲವನ್ನೂ ಉಳಿಸಿದ್ರೆ ರಸ್ತೆ ಆಕಾಶದಲ್ಲಿ ಮಾಡ್ಬೇಕಷ್ಟೆ." ಜನ ನಕ್ಕರು.

ದೊಡ್ಡಕ್ಕ ನಗುವವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ಮಾಸ್ಟ್ರೆ, ನೀವು ಹೇಳಿ. ಅವ ಬಂದು ಹೋದದ್ದಾ, ಇದ್ದದ್ದಾ?"

ಸಭೆ ನನ್ನತ್ತ ತಿರುಗಿತು. ಇದ್ದದ್ದು ಎಂದರೆ ಮುಗಿಯುತ್ತಿತ್ತು. ಒಂದು ಶಬ್ದ. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಅರ್ಧ ಪುಟ ಬರೆದದ್ದು ಎಂತದು ಎಂದು ಬರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯುವಕ ಮಂಡಲದವರು ಕೂತಿದ್ದರು. ನಾನು ಪೆನ್ನಿನ ಮುಚ್ಚಳ ಹಾಕಿ, ತೆಗೆದು, "ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿದೆ" ಎಂದೆ. ಮನೆಯ ಹಕ್ಕುದಾರನ ಒಪ್ಪಿಗೆ ಪತ್ರವಂತೂ ಇತ್ತು. ಕೈ ಎತ್ತಿಸಿದರು. ರಸ್ತೆ ನೇರ ಹೋಗುವುದೆಂದು ತೀರ್ಮಾನವಾಯಿತು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದದ್ದು ನಾನೇ, ಚಂದದ ಅಕ್ಷರದಲ್ಲಿ, ಒಂದೂ ಕಾಟು ಇಲ್ಲದೆ.

ರಸ್ತೆಯ ಕೆಲಸಕ್ಕೆ ಒಂದು ಭಾನುವಾರ ಶ್ರಮದಾನ. ಶಾಲೆಯ ಪರವಾಗಿ ಇಬ್ಬರು ಹೋಗಬೇಕಿತ್ತು, ತಪ್ಪಿಸಿಕೊಳ್ಳಲು ನನಗೆ ಕಾರಣ ಸಿಗಲಿಲ್ಲ. ಪೂಜೆ ಮುಗಿಸಿಕೊಂಡು ಇಗರ್ಜಿಯಿಂದ ನೇರ ಹೋದೆ. ನಾನು ಅಲ್ಲಿಗೆ ಮುಟ್ಟುವಾಗ ಮೂರು ಕಂಬಗಳನ್ನೂ ಕಿತ್ತು ಅಂಗಳದಲ್ಲಿ ಮಲಗಿಸಿದ್ದರು. ಜಗಲಿಯ ಮಣ್ಣನ್ನು ಪಿಕಾಸಿನಲ್ಲಿ ಅಗೆದು ರಾಶಿ ಹಾಕಿದ್ದರು. ನನ್ನ ಕೈಗೆ ಒಂದು ಹೆಡಗೆ ಕೊಟ್ಟರು. ಎಪ್ಪತ್ತು ವರ್ಷ ಸೆಗಣಿ ಕುಡಿದ ಮಣ್ಣು ಕಪ್ಪಗೆ, ಗಟ್ಟಿಗೆ ಇತ್ತು. ಹನ್ನೊಂದು ಹೆಡಗೆ ಹೊತ್ತು ತಗ್ಗಿಗೆ ಸುರಿದೆ. ಅಂಗೈಯಲ್ಲಿ ಬೊಕ್ಕೆ ಎದ್ದು, ಅದನ್ನು ಹೆಂಡತಿಗೆ ತೋರಿಸಿ ಕನಿಕರ ಗಿಟ್ಟಿಸಲು ನೋಡಿದೆ. ಅವಳು ಕೊಬ್ಬರಿ ಎಣ್ಣೆಯ ಬಾಟ್ಲಿ ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ದೊಡ್ಡಕ್ಕನ ಎದುರು ನಿಲ್ಲುವ ಧೈರ್ಯ ಬರಲು ಒಂದು ಮಳೆಗಾಲ ಹಿಡಿಯಿತು. ಹೋದಾಗ ಅವರು ಹೊಸ್ತಿಲಿನ ಒಳಗೆ ಕೂತಿದ್ದರು. ಹೊರಗೆ ಕೂರಲು ಜಾಗವಿರಲಿಲ್ಲ; ಹೊಸ್ತಿಲು ದಾಟಿದರೆ ಒಂದು ಮೆಟ್ಟಿಲು, ಮೆಟ್ಟಿಲು ಇಳಿದರೆ ರಸ್ತೆ. ಜೀಪೊಂದು ಹೋದಾಗ ಕೆಸರು ಬಾಗಿಲಿನವರೆಗೂ ಹಾರಿತು. ಅವರು ಬೈಯುತ್ತಾರೆಂದು ಸಿದ್ಧವಾಗಿ ಹೋಗಿದ್ದೆ. ಬೈದರೆ ಹಗುರವಾಗುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ಅವರು, "ಬನ್ನಿ ಮಾಸ್ಟ್ರೆ, ಒದ್ದೆಯಾಗ್ಬೇಡಿ, ಒಳಗೆ ಬನ್ನಿ" ಎಂದು ಮಣೆ ಕೊಟ್ಟರು. ತಂಗಿಯ ಮಗಳು ಕಾಫಿ ತಂದಳು.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಕೈಕೊಟ್ಟವು. ಕೊನೆಗೆ ಉಳಿದದ್ದು ಇಷ್ಟೇ. "ತಪ್ಪು ನನ್ನದು ದೊಡ್ಡಕ್ಕ. ಪ್ರೆಸಿಡೆಂಟರು ಇದ್ದದ್ದು ಇಲ್ಲಿ. ನಾನು ಕೇಳದೆ ಬರೆದೆ. ಗೊತ್ತಾದ ಮೇಲೂ ಮರ್ಯಾದೆ ಹೋಗ್ತದೆ ಅಂತ ಹೇಳ್ಲಿಲ್ಲ." ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದು ಅವರಿಗೆ ಕಾಣಲಿ ಎಂದೂ ಅನ್ನಿಸಿತು.

ದೊಡ್ಡಕ್ಕನಿಗೆ ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ಹೇಳುವ ಹಾಗೆ ಹೇಳಿದರು.

"ಇದನ್ನು ಅಲ್ಲಿ ಹೇಳ್ಬೇಕಿತ್ತು ಮಾಸ್ಟ್ರೆ. ನನಗೆ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತುಂಟಲ್ಲ."

ಕಾಫಿ ಕುಡಿಯಿರಿ, ಆರ್ತದೆ ಎಂದರು. ಕುಡಿದೆ.

ಅವರು ತೀರಿಕೊಂಡು ವರ್ಷಗಳಾದವು. ಆ ನಾಲ್ಕು ಸಾಲನ್ನು ಈಗ ಸರಿಯಾಗಿ ಬರೆಯುತ್ತೇನೆ. ನಮ್ಮ ಮಾಜಿ ಪ್ರೆಸಿಡೆಂಟರು ಬಾಲ್ಯ ಕಳೆದದ್ದು ದೊಡ್ಡಕ್ಕನ ಮನೆಯ ಜಗಲಿಯಲ್ಲಿ. ಬಂದು ಹೋದದ್ದಲ್ಲ, ಅಲ್ಲೇ ಇದ್ದದ್ದು. ನಾನು ಪತ್ರಿಕೆಯಲ್ಲಿ ಬರೆದದ್ದು ತಪ್ಪು.